ಮಗ್ಗದ ಮುಂದೆ ತಸ್ಬೀಹ್: ಒಂದೇ ಕೆಲಸದ ದಣಿವನ್ನು ಕುರಿತು

ರಾಮದುರ್ಗದಲ್ಲಿ ಇಶಾ ನಮಾಝಿನ ನಂತರ ದುಡಿಯುವ ತರುಣರಿಗಾಗಿ ನಾನೊಂದು ಚಿಕ್ಕ ತರಗತಿ ನಡೆಸುತ್ತಿದ್ದೇನೆ. ಹಗಲೆಲ್ಲ ಮಗ್ಗದ ಮುಂದೆಯೋ ಮಾರುಕಟ್ಟೆಯ ಚೀಲದ ಕೆಳಗೋ ಕಳೆದು ಬಂದವರು ಅವರು. ಅರ್ಧ ಜನ ಗೋಡೆಗೆ ಒರಗಿದ ಕೂಡಲೇ ತೂಕಡಿಸುತ್ತಾರೆ. ಅವರನ್ನು ಎಬ್ಬಿಸುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಅಂಥ ಒಂದು ರಾತ್ರಿ, ನಾಲ್ಕು ವಿದ್ಯುತ್ ಮಗ್ಗಗಳನ್ನು ಏಕಕಾಲಕ್ಕೆ ನೋಡಿಕೊಳ್ಳುವ ಒಬ್ಬ ಯುವಕ ನನ್ನನ್ನು ಕೇಳಿದ: "ಹಜರತ್, ಮಗ್ಗಾ ನಡಸೂ ಮುಂದ ಮನಸ್ಸಿನ್ಯಾಗ ತಸ್ಬೀಹ್ ಓದಿದ್ರ ಅದು ಲೆಕ್ಕಕ್ಕ ಬರತೈತೇನ್ರಿ? ಇಲ್ಲಂದ್ರ ತಲಿ ಕೆಟ್ಟ ಹೋಗತೈತ್ರಿ."

ನಾನು ಸಂತೋಷದಿಂದ ಉತ್ತರಿಸಿದೆ. ದೇವಸ್ಮರಣೆಗೆ ವುಝೂ ಬೇಕೆಂದಿಲ್ಲ, ಕಿಬ್ಲಾದ ಕಡೆಗೆ ಮುಖ ಮಾಡಬೇಕೆಂದಿಲ್ಲ. ನಿಂತು, ಕುಳಿತು, ಮಲಗಿ ಹೇಗೆ ಬೇಕಾದರೂ ಮಾಡಬಹುದು, ಖಂಡಿತ ಲೆಕ್ಕಕ್ಕೆ ಬರುತ್ತದೆ ಎಂದೆ. ಸಬ್ರ್ ಮಾಡು, ಪ್ರತಿಫಲವಿದೆ ಎಂದೂ ಸೇರಿಸಿದೆ. ಅವನು ತೃಪ್ತನಾಗಿ ಹೋದ.

ಕೆಲವು ತಿಂಗಳುಗಳ ನಂತರ ಅವನು ನನ್ನ ಸಲಾಮಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದ. ಎದುರಿಗೆ ಸಿಕ್ಕರೆ ಹೇಳುತ್ತಿದ್ದ. ಹಿಂದಿನಿಂದ ಹೇಳಿದರೆ ಮೌನ. ಒಂದೆರಡು ಸಲ ನನಗೆ ಬೇಸರವೂ ಆಯಿತು, ನಾಲ್ಕು ಅಕ್ಷರ ಕಲಿತವನಿಗೆ ಇಷ್ಟು ಅಹಂಕಾರವೇ ಎಂದು. ಆಮೇಲೆ ಗೊತ್ತಾಯಿತು, ಅವನಿಗೆ ಕೇಳಿಸುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅವನಿಗೆ. ಹದಿನೈದರಿಂದ ಮಗ್ಗದ ಶೆಡ್ಡಿನಲ್ಲಿದ್ದಾನೆ. ಬೆಳಗಾವಿಯಲ್ಲಿ ಪರೀಕ್ಷೆ ಮಾಡಿದ ವೈದ್ಯರು, ಹೋದ ಕೇಳುವಿಕೆ ಇನ್ನು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೋ ಎಂದರಂತೆ.

ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿರಲಿಲ್ಲ. ಆದರೆ ಅರ್ಧವಾಗಿತ್ತು. ಮನಸ್ಸಿನ ಪಾಲನ್ನು ಹೇಳಿ ಮೈಯ ಪಾಲನ್ನು ಬಿಟ್ಟಿದ್ದೆ. ಆ ಬಿಟ್ಟ ಅರ್ಧಕ್ಕಾಗಿಯೇ ಈ ಲೇಖನ.

ನಮ್ಮ ಸೀಮೆಯ ದುಡಿಮೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳು ಮಲಪ್ರಭೆಯ ಆಸುಪಾಸಿನವು. ಬೈಲಹೊಂಗಲ ಹತ್ತಿಯ ಊರು. ಹತ್ತಿಯ ಹಂಗಾಮಿನಲ್ಲಿ ಅಲ್ಲಿಯ ಜಿನ್ನುಗಳಲ್ಲಿ ಬೀಜ ಮತ್ತು ಅರಳೆ ಬೇರ್ಪಡುತ್ತವೆ. ಬುಟ್ಟಿಯಿಂದ ಹತ್ತಿ ತೆಗೆದು ಯಂತ್ರದ ಬಾಯಿಗೆ ಒಡ್ಡುವ ಕೆಲಸ, ಮತ್ತೆ ತೆಗೆದು ಮತ್ತೆ ಒಡ್ಡುವ ಕೆಲಸ. ಈ ಸಾಲಿನಲ್ಲಿ ನಿಲ್ಲುವವರು ಬಹುಮಟ್ಟಿಗೆ ಹೆಂಗಸರು. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿಯೂ ಕಿತ್ತೂರಿನ ಹತ್ತಿರದ ಎಂ.ಕೆ. ಹುಬ್ಬಳ್ಳಿಯಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ; ಕಬ್ಬು ಅರೆಯುವ ತಿಂಗಳುಗಳಲ್ಲಿ ಮೂರು ಪಾಳಿ, ಉಳಿದ ತಿಂಗಳುಗಳಲ್ಲಿ ಹಂಗಾಮಿ ಕೂಲಿಕಾರನಿಗೆ ಮತ್ತೊಂದು ಕೆಲಸದ ಹುಡುಕಾಟ. ಕಿತ್ತೂರಿನ ಹುಡುಗರು ಹೆದ್ದಾರಿಯ ಬಸ್ಸು ಹತ್ತಿ ಬೆಳಗಾವಿಯ ಫೌಂಡ್ರಿಗಳಿಗೂ ಧಾರವಾಡದ ಕೈಗಾರಿಕಾ ವಸಾಹತಿಗೂ ಹೋಗುತ್ತಾರೆ. ಮಾರುಕಟ್ಟೆಗಳಲ್ಲಿ ಹಮಾಲರು. ರಾಮದುರ್ಗ, ಸುರೇಬಾನಗಳಲ್ಲಿ ಮಗ್ಗ.

ಮಗ್ಗವನ್ನು ನಾನು ಸ್ವಲ್ಪ ಬಲ್ಲೆ. ನನ್ನ ತಾಯಿ ಕಂಡಿಕೆ ಸುತ್ತುತ್ತಿದ್ದಳು, ತಂದೆ ನೇಯುತ್ತಿದ್ದರು. ಕುಣಿಮಗ್ಗದಲ್ಲಿ ನೇಕಾರನ ಕಾಲು ಕುಣಿಯಲ್ಲಿ, ಕೈ ಲಾಳಿಯ ಹಗ್ಗದ ಮೇಲೆ. ಕಾಲು ತುಳಿದಾಗ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ಹೊಕ್ಕು ಹೊರಬರುತ್ತದೆ, ಹಲಗೆ ಬಡಿಯುತ್ತದೆ. ಮತ್ತೆ ಅದೇ. ವಿದ್ಯುತ್ ಮಗ್ಗ ಬಂದ ಮೇಲೆ ಈ ಕ್ರಿಯೆಯನ್ನೆಲ್ಲ ಮೋಟಾರು ಮಾಡುತ್ತದೆ. ಸಾಧಾರಣ ಮಗ್ಗವೊಂದರ ಲಾಳಿ ನಿಮಿಷಕ್ಕೆ 100ರಿಂದ 150 ಸಲ ಓಡುತ್ತದೆ. 120 ಎಂದು ಹಿಡಿದರೆ ಹತ್ತು ಗಂಟೆಗೆ 72 ಸಾವಿರ ಹೊಡೆತ, ಅದೂ ಒಂದು ಮಗ್ಗದ್ದು. ನಾಲ್ಕು ಮಗ್ಗಗಳ ನಡುವೆ ನಿಂತವನು ಎಳೆ ಹರಿಯುವುದನ್ನು ಕಾಯಬೇಕು, ಹರಿದರೆ ನಿಲ್ಲಿಸಿ ಗಂಟು ಹಾಕಬೇಕು, ಕಂಡಿಕೆ ತೀರಿದರೆ ಬದಲಿಸಬೇಕು. ಹಾಗೆಯೇ ನಡೆದಾಡುತ್ತಿರಬೇಕು. ಮೈಗೆ ಭಾರವಾದ ಕೆಲಸ ಇದಲ್ಲ ಎಂದು ಹೊರಗಿನವರಿಗೆ ಅನಿಸೀತು. ಒಂದು ದಿನ ನಿಂತು ನೋಡಬೇಕು.

ನಮ್ಮ ಸಮುದಾಯದಲ್ಲಿ ಪಿಂಜಾರರ ಕಸಬನ್ನೂ ಇಲ್ಲಿ ನೆನೆಯಬೇಕು. ದೊಡ್ಡ ಬಿಲ್ಲನ್ನು ತೂಗುಹಾಕಿ, ಅದರ ನರದ ಹೆದೆಯನ್ನು ಮರದ ಕೊಡತಿಯಿಂದ ಮೀಟುತ್ತ ಹತ್ತಿಯನ್ನು ಹಿಂಜುವ ಕೆಲಸ. ಮುಂಜಾನೆಯಿಂದ ಸಂಜೆಯತನಕ ಅದೇ ನಾದ. ಊರೂರು ತಿರುಗಿ ಗಾದಿ ಹಿಂಜಿಕೊಡುತ್ತಿದ್ದ ನದಾಫರ ಮನೆಗಳು ಈ ನಾಲ್ಕೂ ತಾಲೂಕುಗಳಲ್ಲಿವೆ. ಹಿಂಜುವ ಯಂತ್ರಗಳೂ ಫೋಮಿನ ಗಾದಿಗಳೂ ಬಂದು ಆ ಬಿಲ್ಲು ಈಗ ಅಪರೂಪವಾಗಿದೆ.

ಜನ ಹೇಗೆ ತಾಳಿಕೊಂಡರು?

ಒಂದೇ ಚಲನೆಯನ್ನು ಸಾವಿರಾರು ಸಲ ಮಾಡುವ ಮನುಷ್ಯನಿಗೆ ಎರಡು ಕಷ್ಟಗಳು. ಮೈ ದಣಿಯುತ್ತದೆ, ಮನಸ್ಸು ಖಾಲಿಯಾಗಿ ಅಲೆಯತೊಡಗುತ್ತದೆ. ಎರಡನೆಯದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಮದ್ದು ಹಾಡು. ಪದವಿ ತರಗತಿಯಲ್ಲಿ ಜಾನಪದ ಓದುವಾಗ ನನಗೆ ಇದು ಮೊದಲು ಹೊಳೆಯಿತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದರು. ಆ ಗೆಳೆಯರ ಬಳಗದಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಜೊತೆಗೆ ಧೂಲಾಸಾಹೇಬರೂ ಇದ್ದರೆಂಬುದನ್ನು ನಮ್ಮ ಓದುಗರಲ್ಲಿ ಅನೇಕರು ಅರಿಯರು. ಬೀಸುವ ಪದಗಳನ್ನು ಹೆಂಗಸರು ವೇದಿಕೆಗಾಗಿ ಕಟ್ಟಲಿಲ್ಲ, ಬೀಸುಕಲ್ಲಿಗಾಗಿ ಕಟ್ಟಿದರು. ಕೋಳಿ ಕೂಗುವ ಮುಂಚೆ ಎದ್ದು ಜೋಳ ಬೀಸುವವಳಿಗೆ ತವರು, ತಮ್ಮ, ಮಗು, ದೇವರು ಎಲ್ಲವೂ ಆ ಪದಗಳಲ್ಲಿ ಬಂದು ಹೋಗುತ್ತಿದ್ದವು. ಕೈಯ ಸುತ್ತಿಗೆ ಹಾಡಿನ ಸಾಲು, ಸಾಲಿನ ಕೊನೆಗೆ ಒಂದು ಉಸಿರು.

ಹಮಾಲರು ಚೀಲ ಎತ್ತುವಾಗ ಕೂಗು ಹಾಕುವುದೂ ಇದೇ. ಇಬ್ಬರ ಬಲ ಒಂದೇ ಕ್ಷಣಕ್ಕೆ ಕೂಡಬೇಕಾದರೆ ಆ ಕೂಗು ಬೇಕೇ ಬೇಕು.

ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿಯೂ ಇದಕ್ಕೆ ನಿದರ್ಶನವಿದೆ. ಹಿಜರಿ 5ನೆಯ ವರ್ಷ ಮದೀನಾದ ರಕ್ಷಣೆಗಾಗಿ ಕಂದಕ ತೋಡುವಾಗ ಸಹಾಬಿಗಳು ಹಸಿವಿನಲ್ಲಿ, ಚಳಿಯಲ್ಲಿ ಮಣ್ಣು ಹೊತ್ತರು. ಪ್ರವಾದಿ(ಸ)ಯವರೂ ಹೊತ್ತರು, ಅವರ ಹೊಟ್ಟೆಯ ಮೇಲೆಲ್ಲ ಧೂಳು ಮುಚ್ಚಿತ್ತೆಂದು ಕಂಡವರು ವರದಿ ಮಾಡಿದ್ದಾರೆ. ಆ ಕೆಲಸದ ನಡುವೆ ಅಬ್ದುಲ್ಲಾ ಬಿನ್ ರವಾಹಾ(ರ)ರ ಪದ್ಯಗಳನ್ನು ಹಾಡುತ್ತಿದ್ದರು, ಸಾಲಿನ ಕೊನೆಯ ಪದವನ್ನು ಎಲ್ಲರೂ ದನಿಯೆತ್ತಿ ಎಳೆಯುತ್ತಿದ್ದರು. ದುಡಿಮೆಯ ಹಾಡನ್ನು ಹಗುರವಾಗಿ ಕಾಣುವವರು ಈ ಘಟನೆಯನ್ನು ಗಮನಿಸಬೇಕು. ಅಲ್ಲಿ ಹಾಡಿಸಿದವರು ಯಾರೂ ದೂರ ನಿಂತಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ವಿದ್ಯುತ್ ಮಗ್ಗ ಈ ಹಾಡನ್ನು ಎರಡು ರೀತಿಯಲ್ಲಿ ಕಸಿದುಕೊಂಡಿತು. ಬೀಸುಕಲ್ಲಿನ ಮುಂದೆ ಕುಳಿತವಳು ದಣಿದರೆ ಹಾಡನ್ನು ನಿಧಾನ ಮಾಡುತ್ತಿದ್ದಳು, ಹಾಡು ನಿಧಾನವಾದರೆ ಕಲ್ಲೂ ನಿಧಾನವಾಗುತ್ತಿತ್ತು. ವೇಗದ ಯಜಮಾನಿಕೆ ಅವಳ ಕೈಯಲ್ಲೇ ಇತ್ತು. ಮೋಟಾರಿನ ಮಗ್ಗ ಯಾರ ದಣಿವಿಗೂ ನಿಧಾನವಾಗುವುದಿಲ್ಲ. ಇನ್ನು ಅದರ ಸದ್ದಿನಲ್ಲಿ ಹಾಡಿದರೂ ಹಾಡಿದವನಿಗೇ ಕೇಳಿಸುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರಿನ ಹತ್ತಿ ಗಿರಣಿಗಳಲ್ಲಿ ಹೆಂಗಸರು ತುಟಿಯ ಚಲನೆಯಿಂದಲೇ ಮಾತಾಡಿಕೊಳ್ಳುವ ಒಂದು ಪದ್ಧತಿಯನ್ನೇ ಬೆಳೆಸಿಕೊಂಡಿದ್ದರು. ನಮ್ಮ ಶೆಡ್ಡುಗಳಲ್ಲಿಯೂ ಕೈಸನ್ನೆ ಇದೆ: ಎರಡು ಬೆರಳು ತುಟಿಗೆ ಮುಟ್ಟಿಸಿದರೆ ಚಹಾ, ಅಂಗೈ ಕಿವಿಗೆ ಇಟ್ಟರೆ ಫೋನ್ ಬಂದಿದೆ. ಹೊರಗೆ ಹಾಡು ಸಾಧ್ಯವಿಲ್ಲದಾಗ ಒಳಗೆ ಉಳಿಯುವುದು ಎಣಿಕೆಯೊಂದೇ. ಆ ಯುವಕ ತಸ್ಬೀಹ್ ಹಿಡಿದದ್ದು ಹೀಗೆ. ಅವನ ಪಕ್ಕದ ಮಗ್ಗದವನು ಲಿಂಗಾಯತ. ಅವನು ಪಂಚಾಕ್ಷರಿ ಜಪಿಸುತ್ತಾನಂತೆ. ಮತ್ತೊಬ್ಬ ತನ್ನ ಸಾಲದ ಕಂತುಗಳನ್ನು ಕೂಡಿಸಿ ಕಳೆಯುತ್ತಾನೆ. ಮೂರನೆಯವನ ದಿನವೇ ಅತಿ ಕಷ್ಟದ್ದೆಂದು ಅವನ ಮುಖ ನೋಡಿದರೆ ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಎಣಿಕೆಗೆ ಮನಸ್ಸು ಕೊಡಬಹುದಾದ ಕೆಲಸ ಬೇರೆ, ಕೊಡಬಾರದ ಕೆಲಸ ಬೇರೆ. ಮಗ್ಗದ ಸಾಲಿನಲ್ಲಿ ಕಣ್ಣು ಎಳೆಯ ಮೇಲಿದ್ದರೆ ಸಾಕು, ನಾಲಿಗೆ ಜಪಿಸುತ್ತಿರಲಿ. ಆದರೆ ಪ್ರೆಸ್ಸಿನ ಕೆಳಗೆ ಕೈ ಇಡುವವನು, ಜಿನ್ನಿನ ಉರುಳೆಯ ಹತ್ತಿರ ಬೆರಳು ಒಯ್ಯುವವಳು, ಕುದಿಯುವ ಲೋಹ ಸುರಿಯುವವನು ಆ ಕ್ಷಣ ಕೈಯ ಮೇಲೆಯೇ ಮನಸ್ಸಿಡಬೇಕು. ದೇವರು ಕೊಟ್ಟ ಬೆರಳನ್ನು ಕಾಯುವುದೂ ಅವನ ಸ್ಮರಣೆಯೇ.

ಫಾತಿಮಾ(ರ)ರ ಅಂಗೈ

ಈ ವಿಷಯದಲ್ಲಿ ನಾವು ಮದ್ರಸಾದವರು ತಟ್ಟನೆ ಹೇಳುವ ಘಟನೆಯೊಂದಿದೆ. ಬೀಸುಕಲ್ಲಿನಿಂದ ಅಂಗೈಯಲ್ಲಿ ದಡ್ಡುಗಟ್ಟಿದ ಫಾತಿಮಾ(ರ) ತಂದೆಯ ಬಳಿ ಒಬ್ಬ ಸೇವಕರನ್ನು ಕೇಳಲು ಹೋದರು. ಪ್ರವಾದಿ(ಸ) ಮನೆಯಲ್ಲಿರಲಿಲ್ಲ. ಆಯಿಶಾ(ರ)ರಿಗೆ ಹೇಳಿ ಮರಳಿದರು. ರಾತ್ರಿ ಅವರೂ ಅಲೀ(ರ)ರೂ ಮಲಗಿದ ಮೇಲೆ ಪ್ರವಾದಿ(ಸ) ತಾವೇ ಬಂದರು, ಇಬ್ಬರನ್ನೂ ಏಳಬೇಡಿರೆಂದು ತಡೆದು ಪಕ್ಕದಲ್ಲಿ ಕುಳಿತರು. ಮಲಗುವ ಹೊತ್ತಿಗೆ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್ ಹೇಳಲು ಕಲಿಸಿ, ಇದು ನಿಮಗೆ ಸೇವಕರಿಗಿಂತ ಉತ್ತಮವೆಂದು ತಿಳಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದಿರುವ ವರದಿ ಇದು.

ದಣಿದ ಕೈಗೆ ಒಂದು ಎಣಿಕೆ ಕೊಟ್ಟ ಈ ಘಟನೆ ನಿಜಕ್ಕೂ ನಮ್ಮ ವಿಷಯದ ಹೃದಯದಲ್ಲಿದೆ. ಆದರೆ ಅದನ್ನು ನಾವು ಹೇಗೆ ಬಳಸುತ್ತೇವೆ? ಕೂಲಿಕಾರ ನೋವು ಹೇಳಿಕೊಂಡಾಗ ಮಾತು ಮುಗಿಸಲು ಬಳಸುತ್ತೇವೆ. ನಾನೂ ಹಾಗೆಯೇ ಮಾಡಿದೆ. ಘಟನೆಯನ್ನು ಸಾವಧಾನದಿಂದ ಮತ್ತೊಮ್ಮೆ ಓದಿದರೆ ಕೆಲವು ಸಂಗತಿಗಳು ಕಾಣುತ್ತವೆ. ಫಾತಿಮಾ(ರ) ದೂರು ಹೇಳಿದ್ದು ತಪ್ಪೆಂದು ಯಾರೂ ಹೇಳಲಿಲ್ಲ. ದೂರು ಕೇಳಿದವರು ಅದೇ ರಾತ್ರಿ ತಾವಾಗಿ ಅವರ ಮನೆಗೆ ಬಂದರು. ಮತ್ತೊಂದು ವರದಿಯಲ್ಲಿ, ಸುಫ್ಫಾದ ಬಡವರು ಹಸಿದಿರುವಾಗ ಮಗಳಿಗೆ ಕೊಡಲಾರೆನೆಂಬ ಕಾರಣವೂ ಬಂದಿದೆ; ಎಂದರೆ ಕೊಡಬಹುದಾದದ್ದು ಅವಳಿಗಿಂತ ಹೆಚ್ಚು ಅಗತ್ಯವುಳ್ಳವರಿಗೆ ಹೋಯಿತು, ಯಾರ ಪೆಟ್ಟಿಗೆಗೂ ಹೋಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಾಂತ್ವನ ಕೊಟ್ಟವರಿಗೆ ಆ ಬೀಸುಕಲ್ಲಿನ ಹಿಟ್ಟಿನಿಂದ ಯಾವ ಲಾಭವೂ ಇರಲಿಲ್ಲ. ತಮ್ಮ ಮನೆಯಲ್ಲಿ ಅವರೂ ಕೈಯಾರೆ ಕೆಲಸ ಮಾಡುತ್ತಿದ್ದವರು.

ಇನ್ನೊಬ್ಬರ ದುಡಿಮೆಯಿಂದ ಲಾಭ ಪಡೆಯುವವನು ಅದೇ ಮಾತನ್ನು ಅವನಿಗೆ ಹೇಳಿದರೆ? ಅವನಿಗೆ ಸಂಬಂಧಿಸಿದ ಬೋಧನೆ ಬೇರೆಯೇ ಇದೆ. ಅಬೂ ದರ್ರ್(ರ)ರ ಮೂಲಕ ಬಂದ ಪ್ರಸಿದ್ಧ ಹದೀಸಿನಲ್ಲಿ, ಕೈಕೆಳಗಿನವರು ಸಹೋದರರು, ಅವರ ಶಕ್ತಿ ಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ನೆರವಾಗಬೇಕು ಎಂಬ ಆದೇಶವಿದೆ. ಆ ಆದೇಶ ಯಜಮಾನನಿಗೆ. ಸಬ್ರ್ ಮಾಡೆಂಬ ಬೋಧನೆ ಹೊರೆ ಹೊತ್ತವನಿಗೆ. ಯಜಮಾನನ ಪಾಲಿನ ಆದೇಶವನ್ನು ಮರೆತು ಕೂಲಿಕಾರನ ಪಾಲಿನದನ್ನು ಮಾತ್ರ ಓದಿ ಹೇಳುವ ಅಭ್ಯಾಸ ನಮ್ಮ ಮಿಂಬರ್‌ಗಳಲ್ಲಿ ಬೆಳೆದಿದೆ. ಮಸೀದಿಗೆ ಚಂದಾ ಕೊಡುವವರು ಯಾರೆಂಬುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ಹೇಳಲಾರೆ.

ಕುರ್‌ಆನಿನ 'ಸಬಅ್' ಅಧ್ಯಾಯದಲ್ಲಿ ಪ್ರವಾದಿ ದಾವೂದ್(ಅ)ರಿಗೆ ಕವಚ ಮಾಡಲು ಕಲಿಸಿದ ಪ್ರಸ್ತಾಪವಿದೆ. ಕವಚವೆಂದರೆ ಬಳೆಗೆ ಬಳೆ, ಆ ಬಳೆಗೆ ಮತ್ತೊಂದು ಬಳೆ. ಸಾವಿರಾರು ಬಳೆಗಳನ್ನು ಒಂದೊಂದಾಗಿ ಹೆಣೆಯುವ ಕೆಲಸ; ಲೋಕದಲ್ಲಿ ಇದಕ್ಕಿಂತ ಪುನರಾವರ್ತನೆಯ ಕಸಬು ಕಡಿಮೆ. ಒಬ್ಬ ಪ್ರವಾದಿ, ಒಬ್ಬ ರಾಜ ಅದನ್ನು ಮಾಡಿದರು. ಅಲ್ಲಿ ಬಂದಿರುವ ಸೂಚನೆ ಅಳತೆ ತಪ್ಪಬಾರದು ಎಂಬುದು. ಬಳೆಗಳಿಗೆ ಹೇಳಿದ ಅಳತೆಯನ್ನು ಗಂಟೆಗಳಿಗೂ ಅನ್ವಯಿಸಬಹುದೆಂದು ನನಗೆ ತೋರುತ್ತದೆ. ಇದು ನನ್ನ ಮಾತು.

ಹತ್ತು ನಿಮಿಷದ ಕಥೆ

ಮನಸ್ಸಿನ ಮದ್ದು ಎಲ್ಲಿಯವರೆಗೆ, ಮೈಯ ಮದ್ದು ಎಲ್ಲಿಂದ ಎಂಬುದನ್ನು ತೋರಿಸುವ ಒಂದು ಘಟನೆ ಅಮೆರಿಕದ್ದು. 1923ರಲ್ಲಿ ಫಿಲಡೆಲ್ಫಿಯಾದ ನೂಲಿನ ಗಿರಣಿಯೊಂದರ ಒಂದು ವಿಭಾಗದಲ್ಲಿ ಕೆಲಸಗಾರರು ನಿಲ್ಲುತ್ತಲೇ ಇರಲಿಲ್ಲ. ನಲವತ್ತು ಜನರನ್ನು ಉಳಿಸಿಕೊಳ್ಳಲು ವರ್ಷಕ್ಕೆ ನೂರರಷ್ಟು ಜನರನ್ನು ಸೇರಿಸಿಕೊಳ್ಳಬೇಕಾಗುತ್ತಿತ್ತು. ಹೆಚ್ಚು ನೂತರೆ ಬೋನಸ್ ಎಂದರು. ಆ ಗುರಿಯನ್ನು ಯಾರೂ ಮುಟ್ಟಲಿಲ್ಲ. ಎಲ್ಟನ್ ಮೇಯೋ ಎಂಬ ವಿದ್ವಾಂಸರನ್ನು ಕರೆಸಿದರು. ಉದ್ದನೆಯ ಯಂತ್ರದ ಸಾಲಿನಲ್ಲಿ ಹಿಂದೆ ಮುಂದೆ ನಡೆಯುತ್ತ ಹರಿದ ಎಳೆ ಜೋಡಿಸುವ ಆ ಕೆಲಸಗಾರರ ಕಾಲು ಸೋತಿರುವುದನ್ನೂ, ಒಂಟಿತನದಲ್ಲಿ ಅವರ ಮನಸ್ಸು ಕಹಿ ಯೋಚನೆಗಳಲ್ಲಿ ಸುತ್ತುತ್ತಿರುವುದನ್ನೂ ಅವರು ಕಂಡರು. ನಮ್ಮ ಮಗ್ಗದವನಿಗೂ ಅವರಿಗೂ ಎಷ್ಟು ಸಾಮ್ಯ ನೋಡಿ.

ಮೇಯೋ ಸೂಚಿಸಿದ್ದು ಬೆಳಿಗ್ಗೆ ಎರಡು, ಮಧ್ಯಾಹ್ನದ ನಂತರ ಎರಡು, ಹತ್ತು ಹತ್ತು ನಿಮಿಷದ ವಿಶ್ರಾಂತಿ. ಸುಮ್ಮನೆ ಕೂಡುವುದಲ್ಲ, ಮೈಚೆಲ್ಲಿ ಮಲಗುವುದು. ಕೆಲಸ ಬಿಟ್ಟು ಹೋಗುವುದು ಕಡಿಮೆಯಾಯಿತು, ಉತ್ಪಾದನೆ ಏರಿತು. ಆಮೇಲೆ ಒಮ್ಮೆ ಬೇಡಿಕೆಯ ಒತ್ತಡ ಬಂದಾಗ ಮೇಲ್ವಿಚಾರಕರು ವಿಶ್ರಾಂತಿಯನ್ನು ರದ್ದುಮಾಡಿದರು. ಕೆಲವೇ ದಿನಗಳಲ್ಲಿ ಉತ್ಪಾದನೆ ಮೊದಲಿನ ಮಟ್ಟಕ್ಕೆ ಬಿತ್ತು. ಕೊನೆಗೆ ಗಿರಣಿಯ ಅಧ್ಯಕ್ಷರೇ ಮಧ್ಯ ಬಂದು, ಆ ಹತ್ತು ನಿಮಿಷ ಯಂತ್ರವನ್ನೇ ನಿಲ್ಲಿಸಬೇಕೆಂದು ಆದೇಶಿಸಿದರು. ಆ ಮೇಲೆ ಕೆಲಸಗಾರರು ಬೋನಸ್ ಪಡೆದರು. ಮನಸ್ಸಿನ ಮಾತಾಡಿ ಕೂಲಿಯ ಮಾತನ್ನು ಹಿಂದೆ ಸರಿಸಿದರೆಂದು ಮೇಯೋ ಅವರನ್ನು ಮುಂದೆ ಟೀಕಿಸಿದವರೂ ಇದ್ದಾರೆ, ಆ ಟೀಕೆಯಲ್ಲಿ ಹುರುಳಿದೆ. ಆದರೆ ಹತ್ತು ನಿಮಿಷದ ಈ ಪ್ರಯೋಗ ಕೂಲಿಕಾರನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಮಗ್ಗ ನಿಂತರೆ ನಷ್ಟ ಎನ್ನುವ ನಮ್ಮ ಯಜಮಾನರಿಗೆ ನಾನು ಈ ಕಥೆಯನ್ನು ಹೇಳುವುದುಂಟು. ನಡುಬಗ್ಗಿಸಿ ಅಥವಾ ಕೈ ಎತ್ತಿ ಒಂದೇ ಭಂಗಿಯಲ್ಲಿ ಹಿಡಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ದಿನದ ಕೊನೆಗೆ ಕೊಡುವ ಒಂದು ದೊಡ್ಡ ವಿರಾಮಕ್ಕಿಂತ ನಡುನಡುವೆ ಸಿಗುವ ಚಿಕ್ಕ ವಿರಾಮಗಳೇ ಅದಕ್ಕೆ ಹೆಚ್ಚು ಉಪಕಾರಿ. ಝುಹರ್, ಅಸರ್ ಹೊತ್ತಿನಲ್ಲಿ ನಮಾಝಿಗೆ ಹೋಗುವವನು ಮುಖ ಕೈ ಕಾಲು ತೊಳೆದು, ಬಾಗಿ, ಹಣೆ ನೆಲಕ್ಕಿಟ್ಟು, ಕುಳಿತು ಎದ್ದು ಬರುತ್ತಾನೆ. ನಮಾಝ್ ವ್ಯಾಯಾಮವಲ್ಲ, ಹಾಗೆ ಹೇಳಿ ಅದನ್ನು ಚಿಕ್ಕದು ಮಾಡುವವರ ಪೈಕಿ ನಾನಲ್ಲ. ಆದರೂ ಆ ಹೊತ್ತು ಮೈಗೆ ಸಿಗುವ ಬಿಡುವು ಸುಳ್ಳಲ್ಲ. ನಮಾಝಿಗೆ ಹೋಗದ ಪಕ್ಕದವನಿಗೂ ಭುಜ, ಬೆನ್ನು ಇವೆಯಲ್ಲ? ಅವನಿಗೂ ಆ ಹತ್ತು ನಿಮಿಷ ಸಲ್ಲಬೇಕು.

ಮೈಯ ಲೆಕ್ಕ

ಸಬ್ರ್ ಮಾಡಿದರೆ ಕಿವಿ ಉಳಿಯುವುದಿಲ್ಲ. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ನಿಜ ಇದು. ಮಗ್ಗದ ಶೆಡ್ಡಿನ ಸದ್ದು ಸಾಮಾನ್ಯವಾಗಿ 90ರಿಂದ 100 ಡೆಸಿಬೆಲ್. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆಂದು ತಜ್ಞರು ಹೇಳುತ್ತಾರೆ. ಪ್ರತಿ ಮೂರು ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ ಗಂಟೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೋವಿಲ್ಲದೆ ಹೋಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಹೋಗುವುದು ತೆಳು ದನಿಗಳು, ಹೆಂಗಸರ ಮತ್ತು ಮಕ್ಕಳ ಮಾತು, ಸ, ಶ ಮುಂತಾದ ಅಕ್ಷರಗಳು. ಮನೆಯಲ್ಲಿ ಮಗು ಕರೆದದ್ದು ಕೇಳಿಸದೆ, ಮಗುವಿನ ಮೇಲೆ ಸಿಟ್ಟಾಗುವ ತಂದೆಯರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರು ನನ್ನ ತಂದೆ.

ನಮ್ಮಲ್ಲಿ ಕೆಲವರು ಕಿವಿಗೆ ಅರಳೆ ತುರುಕಿಕೊಂಡು ಕೆಲಸ ಮಾಡುತ್ತಾರೆ. ಅರಳೆಯಿಂದ ಸದ್ದು ತಡೆಯುವುದು ಅತ್ಯಲ್ಪ. ರಕ್ಷಣೆಯಿದೆ ಎಂಬ ಭ್ರಮೆ ಮಾತ್ರ ಹೆಚ್ಚು. ಫೋಮಿನ ಅಥವಾ ರಬ್ಬರಿನ ಕಿವಿಬೆಣೆಗಳು ಕೆಲವೇ ರೂಪಾಯಿಗಳಿಗೆ ಔಷಧ ಅಂಗಡಿಯಲ್ಲಿ ಸಿಗುತ್ತವೆ. ಫೋಮಿನದನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯ ಮೇಲ್ಭಾಗವನ್ನು ಎಳೆದು ಒಳಗೆ ಸೇರಿಸಿ, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಹೊರಗೆ ಹೊರಗೆ ಅಂಟಿಸಿಕೊಂಡರೆ ಉಪಯೋಗವಿಲ್ಲ.

ಹತ್ತಿಯ ಧೂಳಿನದು ಇನ್ನೊಂದು ಬಗೆ. ರಜೆಯ ಮರುದಿನ ಕೆಲಸಕ್ಕೆ ಬಂದಾಗ ಎದೆ ಬಿಗಿಯುವುದು, ಕೆಮ್ಮು, ಉಬ್ಬಸ. ವಾರ ಸಾಗಿದಂತೆ ಕಡಿಮೆಯಾದಂತೆ ಕಾಣುವುದು. ಬಿಸಿನೋಸಿಸ್ ಎಂಬ ರೋಗದ ಆರಂಭದ ಗುರುತು ಇದು. ಸೋಮವಾರದ ಜ್ವರವೆಂದು ಹಿಂದೆ ಪಶ್ಚಿಮದ ಗಿರಣಿಗಳಲ್ಲಿ ಇದನ್ನು ಕರೆಯುತ್ತಿದ್ದರು. ಅದು ಸೋಮಾರಿತನವೆಂದು ಭಾವಿಸಿ ಬೈಯುವ ಮೇಸ್ತ್ರಿಗಳಿದ್ದಾರೆ. ಎದೆಯ ಬಿಗಿತ ವಾರದ ಎಲ್ಲ ದಿನಕ್ಕೂ ಹರಡುವ ಮೊದಲೇ ವೈದ್ಯರಿಗೆ ತೋರಿಸಿ, ಹತ್ತಿಯ ಕೆಲಸವೆಂದು ಸ್ಪಷ್ಟವಾಗಿ ಹೇಳಬೇಕು. ಹಾಗೆ ಹೇಳದಿದ್ದರೆ ಅಸ್ತಮಾ ಎಂದು ಮಾತ್ರೆ ಕೊಟ್ಟು ಕಳಿಸುವುದುಂಟು.

ಕಾನೂನು ಏನನ್ನುತ್ತದೆ? 1948ರ ಕಾರ್ಖಾನೆಗಳ ಕಾನೂನು ವಾರಕ್ಕೆ 48 ಗಂಟೆಯ ಮಿತಿಯನ್ನೂ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿರಾಮವನ್ನೂ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿಯನ್ನೂ ಗೊತ್ತುಪಡಿಸಿತ್ತು. ಗದ್ದಲದಿಂದ ಬರುವ ಕಿವುಡು, ಬಿಸಿನೋಸಿಸ್ ಎರಡೂ ಅದರ ರೋಗಗಳ ಪಟ್ಟಿಯಲ್ಲಿದ್ದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ವಾರದ 48 ಗಂಟೆಯನ್ನೂ ಎರಡು ಪಟ್ಟು ಕೂಲಿಯನ್ನೂ ಉಳಿಸಿಕೊಂಡಿವೆ. ಆದರೆ ಹಳೆಯ ಕಾನೂನಿಗೆ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ. ಹೊಸದಕ್ಕೆ ಇಪ್ಪತ್ತು ಜನ ಬೇಕು. ಮನೆಯ ಹಿತ್ತಲಲ್ಲಿ ಆರು ಮಗ್ಗ ಹಾಕಿಕೊಂಡ ಶೆಡ್ಡು ಎರಡರಲ್ಲೂ ಕಾರ್ಖಾನೆಯಲ್ಲ. ಅಲ್ಲಿ ಇನ್‌ಸ್ಪೆಕ್ಟರ್ ಬರುವುದಿಲ್ಲ, ಗೋಡೆಯ ಮೇಲೆ ನಿಯಮದ ಹಾಳೆ ಇರುವುದಿಲ್ಲ. ಅಲ್ಲಿ ಯಜಮಾನನ ದೇವಭಯವೊಂದೇ ಕಾನೂನು. ಆ ಯಜಮಾನನೂ ಬಹಳ ಸಲ ಸಾಲದಲ್ಲಿ ಮುಳುಗಿದ, ತಾನೇ ಒಂದು ಮಗ್ಗ ನಡೆಸುವ ಬಡವನೇ ಎಂಬುದನ್ನು ಮರೆತು ಬರೆದರೆ ಅನ್ಯಾಯವಾದೀತು. ನೂಲಿನ ಬೆಲೆ, ಸೀರೆಯ ಬೆಲೆ ಎರಡೂ ಅವನ ಕೈಯಲ್ಲಿಲ್ಲ. ಹತ್ತು ನಿಮಿಷ ಮಾತ್ರ ಅವನ ಕೈಯಲ್ಲಿದೆ.

ಸಲ್ಮಾನ್(ರ) ತಮ್ಮ ಸಹೋದರ ಅಬೂದರ್ದಾ(ರ)ರ ಮನೆಗೆ ಬಂದಾಗ, ಅವರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಮೈಯನ್ನು ಸವೆಸುತ್ತಿರುವುದನ್ನು ಕಂಡು ತಡೆದರು. ದೇವನಿಗೆ, ಮನೆಯವರಿಗೆ, ನಿನ್ನ ಸ್ವಂತಕ್ಕೆ ಹೀಗೆ ಎಲ್ಲರಿಗೂ ಹಕ್ಕಿದೆ, ಎಲ್ಲರ ಹಕ್ಕನ್ನೂ ಸಲ್ಲಿಸೆಂದರು. ಪ್ರವಾದಿ(ಸ) ಆ ಮಾತನ್ನು ಸರಿಯೆಂದರು. ಆರಾಧನೆಯಲ್ಲಿಯೇ ಮೈಯ ಹಕ್ಕನ್ನು ಮೀರಬಾರದೆಂದ ಮೇಲೆ ಇನ್ನೊಬ್ಬರ ಸೀರೆಗಾಗಿ ಮೀರಬಹುದೆ?

ಈ ಎಲ್ಲವನ್ನೂ ಒಂದು ಶುಕ್ರವಾರ ಖುತ್ಬಾಕ್ಕೆ ಮುಂಚಿನ ಕನ್ನಡ ಭಾಷಣದಲ್ಲಿ ಹೇಳಿದೆ. ನಮಾಝಿನ ನಂತರ ಇಬ್ಬರು ಮುಖ ತಿರುಗಿಸಿ ಹೋದರು. ಒಬ್ಬ ಯಜಮಾನರು ನಿಂತು ಮಾತಾಡಿದರು. ಅಸರ್ ಹೊತ್ತಿಗೆ ಹತ್ತು ನಿಮಿಷ ಎಲ್ಲ ಮಗ್ಗಗಳನ್ನೂ ಬಂದ್ ಮಾಡುವುದಾಗಿ ಒಪ್ಪಿದರು, ನಮಾಝಿಗೆ ಹೋಗುವವರಿಗೂ ಹೋಗದವರಿಗೂ. ಎಲ್ಲರಿಗೂ ಕಿವಿಬೆಣೆ ತಂದುಕೊಟ್ಟರು. ಐದು ತಿಂಗಳು ಹಾಗೆಯೇ ನಡೆಯಿತು. ದಸರೆಯ ಮುಂಚೆ ಸೀರೆಗೆ ಬೇಡಿಕೆ ಬಂದಾಗ ಹತ್ತು ನಿಮಿಷ ನಿಂತುಹೋಯಿತು. ಕೇಳಲು ಹೋದರೆ, "ಹಬ್ಬಾ ಮುಗೀಲಿ ಹಜರತ್, ನೋಡೂಣು" ಎಂದರು. ಫಿಲಡೆಲ್ಫಿಯಾದ ಕಥೆಯನ್ನು ಅವರಿಗೆ ಪೂರ್ತಿ ಹೇಳಿರಲಿಲ್ಲ. ಆ ದಿನ ಹೇಳಿದೆ. ಹಬ್ಬ ಮುಗಿದ ಮೇಲೆ ಮತ್ತೆ ಹೋಗುವವನಿದ್ದೇನೆ.

ಆ ಯುವಕ ಇನ್ನೂ ಮಗ್ಗಕ್ಕೆ ಹೋಗುತ್ತಾನೆ. ಬೇರೆ ಕೆಲಸ ಅವನಿಗೆ ಸಿಕ್ಕಿಲ್ಲ. ಬೆಣೆ ಹಾಕಿಕೊಳ್ಳುತ್ತಾನೆ, ತಸ್ಬೀಹ್ ಬಿಟ್ಟಿಲ್ಲ. ತರಗತಿಯಲ್ಲಿ ಈಗ ನಾನು ದೀಪ ನನ್ನ ಮುಖದ ಮೇಲೆ ಬೀಳುವಂತೆ ಕೂಡುತ್ತೇನೆ, ಅವನಿಗೆ ತುಟಿ ಕಾಣಲಿ ಎಂದು. ಸಬ್ರ್, ಶುಕ್ರ್ ಎಂಬ ಎರಡು ಪದಗಳು ಬಂದಾಗ ಮಾತ್ರ ಹಲಗೆಯ ಮೇಲೆ ಬರೆದು ತೋರಿಸಬೇಕಾಗುತ್ತದೆ.